ಟೆರ್ರಿ ರೈಲಿ ಮತ್ತು ಕಿರಾನಾ ಘರಾಣೆ

ಪ್ರಶ್ನೆ: ಅಮೆರಿಕದ ಮಿನಿಮಲಿಸ್ಟ್ ಸಂಯೋಜಕ ಟೆರ್ರಿ ರೈಲಿ ಅವರು ಕಿರಾನಾ ಘರಾಣೆಯ ಶಿಷ್ಯರೆಂದು ಓದಿದೆ. ಚಿಕ್ಕ ಸ್ವರಗುಚ್ಛಗಳನ್ನೇ ಮತ್ತೆ ಮತ್ತೆ ನುಡಿಸುವ ಅವರ ಶೈಲಿ ಹಿಂದೂಸ್ತಾನಿ ಸಂಗೀತದಿಂದಲೇ ಹುಟ್ಟಿತೆನ್ನಬಹುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಹಾಗೆನ್ನಲಾಗದು. ಅವರಿಗೆ ಹೆಸರು ತಂದ ‘ಇನ್ ಸಿ’ ಕೃತಿಯನ್ನು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೊದಲು ನುಡಿಸಿದ್ದು 1964ರ ನವೆಂಬರ್‌ನಲ್ಲಿ; ಅವರು ಕಿರಾನಾ ಗಾಯಕ ಪಂಡಿತ್ ಪ್ರಾಣನಾಥರ ಶಿಷ್ಯರಾದದ್ದು 1970ರಲ್ಲಿ. ಪುನರಾವರ್ತನೆಯ ಜಾಡನ್ನು ಅವರಿಗೆ ತೋರಿಸಿದ್ದು ಟೇಪ್ ರೆಕಾರ್ಡರ್. 1963ರಲ್ಲಿ ಪ್ಯಾರಿಸ್ಸಿನ ನಾಟಕವೊಂದಕ್ಕೆ ಸಂಗೀತ ಒದಗಿಸುವಾಗ, ಒಂದೇ ಟೇಪನ್ನು ಎರಡು ಯಂತ್ರಗಳಲ್ಲಿ ಹಾಯಿಸಿ, ಮೊದಲನೆಯದು ಮುದ್ರಿಸಿಕೊಂಡದ್ದನ್ನು ಎರಡನೆಯದು ತುಸು ತಡವಾಗಿ ನುಡಿಸಿ ಮತ್ತೆ ಮೊದಲನೆಯದಕ್ಕೇ ಒಪ್ಪಿಸುವಂತೆ ಮಾಡಿ, ಚೆಟ್ ಬೇಕರ್ ಅವರ ಟ್ರಂಪೆಟ್ ನಾದವನ್ನು ಪದರ ಪದರವಾಗಿ ಪೇರಿಸಿದ್ದರು. ‘ಇನ್ ಸಿ’ಯಲ್ಲಿ ಆ ಕೆಲಸ ವಾದಕರದ್ದೇ. ಅದರಲ್ಲಿರುವುದು 53 ಪುಟ್ಟ ತುಣುಕುಗಳು. ಪ್ರತಿಯೊಬ್ಬರೂ ಒಂದೊಂದನ್ನು ತಮಗೆ ಬೇಕೆನಿಸಿದಷ್ಟು ಸಲ ನುಡಿಸಿ ಮುಂದಿನದಕ್ಕೆ ಸಾಗುತ್ತಾರೆ, ಆದರೆ ಜೊತೆಗಾರರಿಂದ ತೀರ ದೂರ ಹೋಗದಂತೆ ಸದಾ ಕಿವಿಗೊಟ್ಟಿರಬೇಕು.

ಘರಾಣೆ ಕೊಟ್ಟದ್ದು ಬೇರೆಯದು, ನನ್ನ ಮಟ್ಟಿಗೆ ಅದೇ ಹೆಚ್ಚು ಬೆಲೆಯುಳ್ಳದ್ದು. ಪ್ರಾಣನಾಥರ ಗುರು ಅಬ್ದುಲ್ ವಹೀದ್ ಖಾನರು ವಿಲಂಬಿತ ಆಲಾಪಕ್ಕೆ ಹೆಸರಾದವರು. ಸವಾಯಿ ಗಂಧರ್ವರಿಗೆ ಪಾಠ ಹೇಳಿ ನಿಮ್ಮ ಸೀಮೆಯಲ್ಲಿ ಕಿರಾನಾ ಗಾಯಕಿ ಬೇರೂರಲು ಕಾರಣರಾದ ಅಬ್ದುಲ್ ಕರೀಂ ಖಾನರ ಬಂಧು. ಆಗಲೇ ಪ್ರಸಿದ್ಧರಾಗಿದ್ದ ರೈಲಿ ಈ ಪರಂಪರೆಯ ಮುಂದೆ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು, ಗುರುಗಳ ಕಛೇರಿಗಳಲ್ಲಿ ತಂಬೂರಿ, ತಬಲಾ ನುಡಿಸಿದರು, ಮತ್ತು 1996ರಲ್ಲಿ ಗುರು ತೀರಿಕೊಳ್ಳುವವರೆಗೂ ಶಿಷ್ಯರಾಗಿಯೇ ಉಳಿದರು. ಆ ನಿಷ್ಠೆಯನ್ನು ನಾನು ಬಹಳವಾಗಿ ಗೌರವಿಸುತ್ತೇನೆ.

ಎಪ್ಪತ್ತರ ದಶಕದಲ್ಲಿ ಸ್ವರಲಿಪಿಯನ್ನು ಬಹುಮಟ್ಟಿಗೆ ಬದಿಗಿಟ್ಟು ಮನೋಧರ್ಮದಿಂದಲೇ ನುಡಿಸುತ್ತಿದ್ದ ಅವರನ್ನು ಮತ್ತೆ ಬರೆಯುವಂತೆ ಒಲಿಸಿದ್ದು, ಅವರು ಪಾಠ ಹೇಳುತ್ತಿದ್ದ ಕ್ಯಾಲಿಫೋರ್ನಿಯಾದ ಮಿಲ್ಸ್ ಕಾಲೇಜಿನಲ್ಲಿ ಪರಿಚಯವಾದ, ಪಿಟೀಲು ಬಳಗದ ವಾದ್ಯಗಳ ನಾಲ್ವರ ತಂಡವಾದ ಕ್ರೋನೋಸ್ ಕ್ವಾರ್ಟೆಟ್. ಮುಂದೆ ನಾಸಾ ಕೋರಿಕೆಯ ಮೇರೆಗೆ, ಬಾಹ್ಯಾಕಾಶದ ಧ್ವನಿಗಳನ್ನು ಬಳಸಿ, 2002ರಲ್ಲಿ ಇದೇ ತಂಡಕ್ಕೆ ‘ಸನ್ ರಿಂಗ್ಸ್’ ರಚಿಸಿದರು.

ಗುರುವಿನ ಪ್ರಭಾವವನ್ನು ಕಿವಿಯಾರೆ ಅರಿಯಬೇಕಿದ್ದರೆ 1980ರ ‘ಶ್ರೀ ಕ್ಯಾಮೆಲ್’ ಕೇಳಿ. ಅದರ ಎಲೆಕ್ಟ್ರಾನಿಕ್ ಆರ್ಗನ್ನನ್ನು ಸಪ್ತಕವನ್ನು ಹನ್ನೆರಡು ಸಮಭಾಗಗಳಾಗಿ ಹಂಚುವ ಪಿಯಾನೋದ ಶ್ರುತಿಗೆ ಬದಲಾಗಿ, ತಂಬೂರಿಯಲ್ಲಿ ಹೊಮ್ಮುವಂಥ ಸಹಜ ಶ್ರುತಿಗೆ ಕೂಡಿಸಲಾಗಿದೆ.