ಸೇವ್ ಮಾಡಿಟ್ಟ ವಿಡಿಯೋ ರಾಶಿ, ಬೆವರು ಮಾತ್ರ ಇಲ್ಲ

ಬಾಗಲಕೋಟೆ ನವನಗರದ ಒಬ್ಬ ಪ್ರಾಥಮಿಕ ಶಾಲೆ ಶಿಕ್ಷಕಿಯ ಪ್ರಕರಣ ಇದು. ವಯಸ್ಸು ನಲವತ್ತರ ಆಸುಪಾಸು. ಅವರ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ, ಗುರುತು ಸಿಗುವಂಥ ವಿವರ ಬದಲಿಸಿದ್ದೇನೆ. ನಮ್ಮ ಕಡೆ ಎಲ್ಲರೂ ಕರೆಯುವ ಹಾಗೆ ಅಕ್ಕೋರು ಅಂತಲೇ ಕರೆಯೋಣ.

ಶುಗರ್ ಗಡಿಯಲ್ಲಿದೆ, ದಿನಾ ವ್ಯಾಯಾಮ ಮಾಡಿ ಅಂತ ಡಾಕ್ಟರು ಹೇಳಿದ್ದರು. ಜಿಮ್ ಆಗದ ಮಾತು. ವಾಕಿಂಗ್ ಹೋದರೆ ದಾರಿಯಲ್ಲಿ ಮಕ್ಕಳ ತಂದೆತಾಯಿ ನಿಲ್ಲಿಸಿ ಮಾರ್ಕ್ಸ್ ವಿಚಾರಿಸುತ್ತಾರೆ. ಹಾಗಾಗಿ ಯೂಟ್ಯೂಬ್ ನೋಡಿಕೊಂಡು ಮನೆಯಲ್ಲೇ ಶುರು ಮಾಡಿದ್ದರು. "ನಾಕ್ ದಿನ ಮಾಡ್ತೀನ್ರಿ, ಐದನೇ ದಿನಕ್ಕ ಬಿಡ್ತೀನಿ. ನನಗ ಛಲಾನ ಇಲ್ರಿ." ನನ್ನ ಹತ್ತಿರ ಆಪ್ತಸಲಹೆಗೆ ಬಂದಾಗ ಹೇಳಿದ ದೂರು ಇಷ್ಟೇ.

ಛಲದ ಮಾತು ಆಮೇಲೆ ನೋಡೋಣ, ನಿನ್ನೆ ಬೆಳಿಗ್ಗೆ ಏನಾಯಿತು ಅಂತ ಬಿಡಿಬಿಡಿಯಾಗಿ ಹೇಳಿ ಅಂದೆ. ಐದೂವರೆಗೆ ಏಳುತ್ತಾರೆ. ಹಾಲ್‌ನಲ್ಲಿ ಚಾಪೆ ಹಾಸಿ ಫೋನ್ ಹಿಡಿಯುತ್ತಾರೆ. ಸೇವ್ ಮಾಡಿಟ್ಟ ವಿಡಿಯೋಗಳೇ ರಾಶಿ ಇವೆ, ಆದರೂ ಹೊಸದೊಂದು ಹುಡುಕುತ್ತಾರೆ, ಒಂದು ಹಿಂದಿ, ಒಂದು ಇಂಗ್ಲಿಷ್, ಒಂದರಲ್ಲಿ ಏಳು ದಿನಕ್ಕೆ ಹೊಟ್ಟೆ ಕರಗುತ್ತೆ ಅಂತ ಬರೆದಿದೆ, ಅದರ ಕಾಮೆಂಟು ಓದುತ್ತಾ ಕೂರುತ್ತಾರೆ. ಕೊನೆಗೆ ಒಂದು ಹಚ್ಚಿದರೆ ಆ ಹುಡುಗಿ ಎರಡನೇ ನಿಮಿಷಕ್ಕೇ ಜಿಗಿಯೋಕೆ ಹೇಳುತ್ತಾಳೆ. ಕೆಳಗಿನ ಮನೆಯವರು ಮಲಗಿದ್ದಾರೆ, ಜಿಗಿಯುವ ಹಾಗಿಲ್ಲ. ಅಷ್ಟರಲ್ಲಿ ಅತ್ತೆ ಎದ್ದು ಬಂದು, "ರೊಟ್ಟಿ ಬಡಿಯೂದು ಸಾಲ್ದಂತೇನ, ಮುಂಜಮುಂಜಾನೆ ಕುಣ್ಯಾಕ ಹತ್ತೀದಿ" ಅನ್ನುತ್ತಾರೆ. ಆಮೇಲೆ ನಳ ಬರುತ್ತೆ. ನೀರು ತುಂಬದೇ ಇದ್ದರೆ ಇಡೀ ದಿನ ಕೆಟ್ಟಿತು, ಅಲ್ವಾ? ಚಾಪೆ ಸುತ್ತಿಡುತ್ತಾರೆ.

ಇದರಲ್ಲಿ ಛಲ ಇಲ್ಲದ್ದು ಎಲ್ಲಿದೆ ಹೇಳಿ. ಚಳಿಗಾಲದಲ್ಲೂ ಐದೂವರೆಗೆ ಎದ್ದವರು ಅವರು. ಸಮಯವೆಲ್ಲ ಆರಿಸುವುದಕ್ಕೇ ಹೋಗಿದೆ, ಉಳಿದದ್ದು ನಾಚಿಕೆಗೆ. ನನ್ನ ಹತ್ತಿರ ಇದೇ ದೂರು ಹಿಡಿದುಕೊಂಡು ಬರುವವರಲ್ಲಿ ಬಹಳ ಜನರ ಕಥೆ ಹೀಗೇ ಇರುತ್ತದೆ. ಸೋಮಾರಿಗಳು ಆಪ್ತಸಲಹೆಗೆ ಬರುವುದೇ ಇಲ್ಲ ಬಿಡಿ.

ಒಂದು ವಿಷಯ ಮಾತ್ರ ನಾನು ಕೇಳದೇ ಬಿಡುವುದಿಲ್ಲ. ನಿದ್ದೆ ಹೇಗಿದೆ, ಊಟ ಸೇರುತ್ತಾ, ಮೊದಲು ಖುಷಿ ಕೊಡುತ್ತಿದ್ದ ಕೆಲಸ ಈಗಲೂ ಖುಷಿ ಕೊಡುತ್ತಾ? ಖಿನ್ನತೆ ಇದ್ದರೆ ಅದೂ "ಮೂಡ್ ಇಲ್ಲ" ಅನ್ನುವ ವೇಷದಲ್ಲೇ ಬರುತ್ತದೆ. ಅಕ್ಕೋರಿಗೆ ಅದು ಕಾಣಲಿಲ್ಲ. ಒಂದನೇ ತರಗತಿ ಮಕ್ಕಳ ಸುದ್ದಿ ತೆಗೆದರೆ ಮುಖ ಅರಳುತ್ತಿತ್ತು. ಆದರೆ ಮಧ್ಯಾಹ್ನದ ಹೊತ್ತಿಗೆ ಕೈಕಾಲು ಸೋಲುತ್ತವೆ, ಶಾಲೆಯ ಮೆಟ್ಟಿಲು ಹತ್ತಿದರೆ ಏದುಸಿರು, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ ಅಂದರು. ನಾನು ಡಾಕ್ಟರ್ ಅಲ್ಲ, ಮೊದಲು ರಕ್ತ ಪರೀಕ್ಷೆ ಮಾಡಿಸಿ ಅಂತ ಕಳಿಸಿದೆ. ಹಿಮೋಗ್ಲೋಬಿನ್ ಕಡಿಮೆ ಬಂತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57ರಷ್ಟು ಜನರಿಗೆ ರಕ್ತಹೀನತೆ ಇದೆ. ಇಷ್ಟು ಜನರ ದಣಿವಿಗೆ ಸೋಮಾರಿತನ ಅಂತ ಹೆಸರಿಡುವುದು ನನಗೆ ಸಿಟ್ಟು ಬರಿಸುವ ವಿಷಯ. ಡಾಕ್ಟರು ಕಬ್ಬಿಣಾಂಶದ ಮಾತ್ರೆ ಶುರು ಮಾಡಿದರು, ಹಗುರ ವ್ಯಾಯಾಮಕ್ಕೆ ಅಡ್ಡಿಯಿಲ್ಲ ಅಂದರು. ಆಮೇಲೇ ನಮ್ಮ ಕೆಲಸ ಮುಂದುವರಿಯಿತು.

ಮೊದಲು ಬೆಳಗಿನ ಹೊತ್ತನ್ನೇ ಬಿಡಿಸಿದೆ. ಬೆಳಿಗ್ಗೆ ಮಾಡಿದರೇನೇ ವ್ಯಾಯಾಮ ಅಂತ ಯಾರು ಹೇಳಿದ್ದು? ಅತ್ತೆ ಸಂಜೆ ಧಾರಾವಾಹಿ ನೋಡುತ್ತಾರೆ, ಆಗ ಅವರ ಕಣ್ಣು ಸೊಸೆಯ ಮೇಲೆ ಇರುವುದಿಲ್ಲ. "ಅತ್ತೆ ಟಿವಿ ಹಚ್ಚಿದ ಕೂಡಲೇ ನಾನು ಒಳಗಿನ ಕೋಣೆಗೆ ಹೋಗಿ ಚಾಪೆ ಹಾಸುತ್ತೇನೆ" ಅಂತ ಒಂದು ಸಾಲು ಬರೆಸಿದೆ. ಇಂಥದ್ದಾದರೆ ಹೀಗೆ ಮಾಡುತ್ತೇನೆ ಅಂತ ಹೊತ್ತು, ಜಾಗ ಹೆಸರಿಸಿ ನಿರ್ಧರಿಸಿದರೆ ಬರೀ "ನಾಳೆಯಿಂದ ಮಾಡ್ತೀನಿ" ಅನ್ನುವುದಕ್ಕಿಂತ ಹೆಚ್ಚು ನಡೆಯುತ್ತದೆ. ಪೀಟರ್ ಗೊಲ್‌ವಿಟ್ಸರ್ ಅನ್ನುವ ಮನಶ್ಶಾಸ್ತ್ರಜ್ಞರು 1990ರ ದಶಕದಿಂದ ಇದರ ಮೇಲೇ ಕೆಲಸ ಮಾಡಿದ್ದಾರೆ.

ವಿಡಿಯೋ ಒಂದೇ. ಹದಿನೈದು ನಿಮಿಷದ್ದು, ಜಿಗಿತ ಇಲ್ಲದ್ದು, ಭಾಷೆ ಯಾವುದಾದರೂ ಸರಿ. ನನ್ನ ಎದುರೇ ಆರಿಸಿ ಡೌನ್‌ಲೋಡ್ ಮಾಡಿದರು. ಮೂರು ವಾರ ಬೇರೆ ವಿಡಿಯೋ ನೋಡುವ ಹಾಗಿಲ್ಲ. ಬೇಜಾರಾಗುತ್ತಲ್ರೀ ಅಂದರು. ಆಗಲಿ. ಚಲನೆಗಳು ಬಾಯಿಪಾಠ ಆದ ಮೇಲೆ ದನಿ ತೆಗೆದು ನಿಮ್ಮ ಇಷ್ಟದ ಹಾಡು ಹಚ್ಚಿಕೊಳ್ಳಿ ಅಂದೆ. ಉಸಿರು ಎಷ್ಟು ಏರಬೇಕು ಅನ್ನುವುದಕ್ಕೆ ಮೀಟರು ಬೇಡ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಸಾಕು.

ಮೊದಲ ವಾರ ತೊಡೆ ಹಿಡಿದುಕೊಂಡಿತು, ಏನೋ ಹೆಚ್ಚುಕಮ್ಮಿ ಆಯ್ತು ಅಂತ ಹೆದರಿ ಫೋನ್ ಮಾಡಿದರು. ಹೊಸದಾಗಿ ಶುರು ಮಾಡಿದಾಗ ಒಂದೆರಡು ದಿನ, ಕೆಲವೊಮ್ಮೆ ಮೂರು ದಿನ ಸ್ನಾಯು ನೋಯುವುದು ಸಹಜ. ಕೀಲಿನಲ್ಲಿ ಚುಚ್ಚುವ ನೋವು, ಎದೆ ಬಿಗಿತ, ತಲೆಸುತ್ತು ಬಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು.

ಆಮೇಲೆ ಒಂದು ವಿಚಿತ್ರ ಗೊತ್ತಾಯಿತು. ನಡುವೆ ಒಂದು ದಿನ ತಪ್ಪಿದರೆ ಅಕ್ಕೋರು ಇಡೀ ವಾರ ಬಿಡುತ್ತಿದ್ದರು, ಮತ್ತೆ ಸೋಮವಾರವೇ ಶುರು. ಸೋಮವಾರ ಅಮವಾಸ್ಯೆ ಬಿತ್ತು ಅಂದರೆ ಇನ್ನೂ ಮುಂದಕ್ಕೆ! 2009ರಲ್ಲಿ ಲಂಡನ್ನಿನ ಸಂಶೋಧಕರು 96 ಜನರನ್ನು ಗಮನಿಸಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಹೇಳಿದೆ. ರೂಢಿ ಆಗಲು ಸುಮಾರು 66 ದಿನ ಬೇಕಾಯಿತು, ಆದರೆ ಅಂದಾಜು 18ರಿಂದ 254 ದಿನದವರೆಗೆ ಒಬ್ಬೊಬ್ಬರದು ಒಂದೊಂದು ಥರ. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವ ನಷ್ಟ ಆಗಲಿಲ್ಲ. "ಅಂದ್ರ ಬುಧವಾರ ತಪ್ಪಿದ್ರ ಗುರುವಾರ ಮಾಡಬಹುದೇನ್ರಿ?" ಅಂತ ನಿಜವಾಗಿಯೂ ಕೇಳಿದರು. ಮಾಡಬಹುದ್ರೀ ಅಕ್ಕೋರೆ. ಸುಸ್ತಾದ ದಿನ ಐದು ನಿಮಿಷ ಮಾಡಿದರೂ ಲೆಕ್ಕಕ್ಕೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಅನ್ನುತ್ತದೆ ನಿಜ, ಆದರೆ ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷ ಇರಬೇಕು ಅನ್ನುವ ಹಳೆಯ ಷರತ್ತನ್ನು 2020ರಲ್ಲಿ ಕೈಬಿಟ್ಟಿದೆ.

ಗೋಡೆಯ ಕ್ಯಾಲೆಂಡರ್ ಮೇಲೆ ರೈಟ್ ಗುರುತು ಹಾಕುವುದು ಅವರದೇ ಉಪಾಯ. ಅದು ಕೈಕೊಟ್ಟಿತು. ಗಂಡ ದಿನಾ ಅದನ್ನು ನೋಡಿ "ಇವತ್ತೂ ಇಲ್ಲಾ?" ಅನ್ನಲು ಶುರು ಮಾಡಿದರು. ತೆಗೆಸಿದೆ. ಈಗ ಪಾಠದ ಡೈರಿಯ ಮೂಲೆಯಲ್ಲಿ ಒಂದು ಚುಕ್ಕೆ ಇಡುತ್ತಾರೆ, ಯಾರಿಗೂ ಕಾಣಲ್ಲ.

ಏಪ್ರಿಲ್-ಮೇ ಬಂತು. ನಮ್ಮ ಊರಿನ ಬಿಸಿಲಲ್ಲಿ ಸಂಜೆ ಏಳಕ್ಕೂ ಫ್ಯಾನು ಬಿಸಿಗಾಳಿಯನ್ನೇ ಬೀಸುತ್ತದೆ, ಮೇಲೆ ಮದುವೆಗಳು ಬೇರೆ. ವಾರಗಟ್ಟಲೆ ನಿಂತುಹೋಯಿತು. ಮಳೆ ಬಿದ್ದ ಮೇಲೆ ತಾವೇ ಮತ್ತೆ ಶುರು ಮಾಡಿದರು, ನನಗೆ ಹೇಳಿದ್ದು ಆಮೇಲೆ. ಈಗ ವಾರದಲ್ಲಿ ಮೂರು-ನಾಲ್ಕು ದಿನ ನಡೆಯುತ್ತಿದೆ. ಅತ್ತೆ ಇನ್ನೂ ಆಡಿಕೊಳ್ಳುತ್ತಾರೆ. ತೂಕ ಹೆಚ್ಚೇನೂ ಇಳಿದಿಲ್ಲ, ಅದಕ್ಕೆ ಬೇಸರವಿದೆ. ಶಾಲೆಯ ಮೆಟ್ಟಿಲನ್ನು ನಿಲ್ಲದೇ ಹತ್ತುತ್ತೇನೆ ಅಂದರು. ಶುಗರ್ ಮತ್ತು ಹಿಮೋಗ್ಲೋಬಿನ್ ಮುಂದಿನ ತಿಂಗಳು ಡಾಕ್ಟರು ಮತ್ತೆ ನೋಡುತ್ತಾರೆ, ಅಲ್ಲಿಯವರೆಗೆ ತೂಕದ ಮಷೀನು ಅಟ್ಟದ ಮೇಲೆ ಇರಲಿ ಅಂತ ಮಾತಾಗಿದೆ.