ಮಗಳನ್ನು ಕೋಚ್ ಜೊತೆ ಒಬ್ಬಳೇ ಮೀಟ್‌ಗೆ ಕಳಿಸಬಹುದಾ?

ನಿಮ್ಮ ಮಗಳಿಗೆ 12 ವರ್ಷ, ತುಮಕೂರಿನಲ್ಲಿ ಓಟ ಕಲಿಯುತ್ತಿದ್ದಾಳೆ. ಬೆಂಗಳೂರಿನ ಮೀಟ್‌ಗೆ ತಾವೇ ಕರೆದುಕೊಂಡು ಹೋಗುತ್ತೇನೆ ಅಂತ ಕೋಚ್ ಹೇಳಿದ್ದಾರೆ. ಬೇಡ ಅಂದರೆ ಅನುಮಾನಪಟ್ಟ ಹಾಗಾಗುತ್ತಾ ಅನ್ನೋದು ನಿಮ್ಮ ಪ್ರಶ್ನೆ.

ನನ್ನ ಮಗನೂ ಇಲ್ಲಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲೇ ಓಡುತ್ತಾನೆ. ನಿಮ್ಮ ಸಂಕೋಚ ಅರ್ಥವಾಗುತ್ತದೆ. ಆದರೆ ಕೋಚ್ ಎಂಥವರು ಅಂತ ಅಳೆಯಲು ಹೋಗಬೇಡಿ. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ಡಾಕ್ಟರ್ ಆಗಿದ್ದ ಲ್ಯಾರಿ ನಾಸರ್ ಚಿಕಿತ್ಸೆಯ ಹೆಸರಲ್ಲಿ ವರ್ಷಗಟ್ಟಲೆ ಹೆಣ್ಣುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ. ಕೆಲವು ಸಲ ಹೆತ್ತವರು ಅದೇ ಕೋಣೆಯಲ್ಲಿದ್ದರು, ಅವರಿಗೇ ಗೊತ್ತಾಗಲಿಲ್ಲ. 2018ರಲ್ಲಿ ಅವನಿಗೆ ಶಿಕ್ಷೆಯಾಯಿತು. ಇಂಥವರು ಮಗುವಿಗಿಂತ ಮೊದಲು ಅಪ್ಪ ಅಮ್ಮನ ಮನಸ್ಸು ಗೆಲ್ಲುತ್ತಾರೆ. ಶೂ ಕೊಡಿಸುತ್ತಾರೆ, ಫೀಸ್ ಬಿಡುತ್ತಾರೆ, ಮನೆಗೆ ಊಟಕ್ಕೆ ಬರುತ್ತಾರೆ. ಒಳ್ಳೆ ಕೋಚ್‌ಗಳೂ ಇದನ್ನೇ ಮಾಡುತ್ತಾರೆ, ಅದೇ ತಲೆನೋವು!

ಹಾಗಾಗಿ ಎಲ್ಲರಿಗೂ ಒಂದೇ ನಿಯಮ ಇಡಿ: ದೊಡ್ಡವರೊಬ್ಬರು, ಮಗು ಒಂದು, ಇಬ್ಬರೇ ಎಲ್ಲೂ ಇರಬಾರದು. ಪ್ರಾಕ್ಟೀಸ್ ಮುಗಿದ ಮೇಲಿನ ಡ್ರಾಪ್ ನೋಡಿ. ಕಾರು ತುಂಬ ಮಕ್ಕಳಿದ್ದಾರೆ ಅಂತ ನಾವು ನೆಮ್ಮದಿಯಾಗಿರುತ್ತೇವೆ. ಒಬ್ಬೊಬ್ಬರನ್ನೇ ಇಳಿಸುತ್ತಾ ಹೋದರೆ ಕಡೆಗೆ ಒಬ್ಬಳೇ ಉಳಿಯುತ್ತಾಳೆ ಅಲ್ವಾ? ಕಡೆಯ ಇಬ್ಬರನ್ನು ಒಂದೇ ಕಡೆ ಇಳಿಸಿ ಅಂದರೆ ಮುಗೀತು. ಮೆಸೇಜ್ ಏನಿದ್ದರೂ ಪೋಷಕರಿರುವ ಗ್ರೂಪ್‌ನಲ್ಲಿ. ಮಸಾಜ್ ಬೇಕಾದರೆ ಎಲ್ಲರ ಕಣ್ಣೆದುರು, ಅದೂ ಮಗು ಒಪ್ಪಿದರೆ.

ಬೆಂಗಳೂರು ಇಲ್ಲಿಂದ ಸುಮಾರು 70 ಕಿ.ಮೀ. ಬೆಳಿಗ್ಗೆ ಟ್ರೈನ್ ಹತ್ತಿದರೆ ಸಂಜೆ ಮನೆಗೆ ಬರಬಹುದು, ರೂಮಿನ ಮಾತೇ ಬೇಡ. “ಸರ್, ನಾನೂ ಬರ್ತೀನಿ. ನಾಳೆ ನಿಮ್ಮ ಬಗ್ಗೆಯೂ ಯಾರೂ ಏನೂ ಅನ್ನಬಾರದು ನೋಡಿ” ಅನ್ನಿ. ಇದಕ್ಕೆ ಸಿಟ್ಟಾಗಿ ಟೀಮಿಂದ ತೆಗೀತೀನಿ ಅಂದರೆ ಆ ಕೋಚಿಂಗೇ ಬೇಡ.

ಗಂಡುಮಕ್ಕಳಿಗೂ ಇದೇ ನಿಯಮ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯಲ್ಲೂ ಹುಡುಗ, ಹುಡುಗಿ ಅಂತ ಭೇದ ಇಲ್ಲ.

ಮಗು ಏನಾದರೂ ಹೇಳಿದರೆ “ನೀನ್ಯಾಕೆ ಹೋದೆ” ಅಂತ ಮಾತ್ರ ಕೇಳಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಇಲ್ಲವೇ ಪೊಲೀಸರಿಗೆ ತಿಳಿಸಿ. ಮರ್ಯಾದೆ ಹೋಗುತ್ತೆ ಅಂತ ಸುಮ್ನೆ ಕೋಚ್ ಬದಲಾಯಿಸಿ ಮುಚ್ಚಿಹಾಕುವ ಹಾಗಿಲ್ಲ, ಗೊತ್ತಿದ್ದೂ ತಿಳಿಸದಿರುವುದು ಅದೇ ಕಾಯ್ದೆಯಲ್ಲಿ ಅಪರಾಧ. ಸ್ಟೇಷನ್ ಮೆಟ್ಟಿಲು ಹತ್ತಿಸಬೇಕಲ್ಲಾ ಅಂತ ಹೆದರಬೇಡಿ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಪಡೆಯುವ ಅಧಿಕಾರಿ ಯೂನಿಫಾರ್ಮ್‌ನಲ್ಲಿ ಇರಬಾರದು.