ಆ ಮಾತ್ರೆಯನ್ನು ನಾಳೆಯೇ ಬಿಡಬೇಡಿ

ಪ್ರಶ್ನೆ: ನನಗೆ 36 ವರ್ಷ. ಹಾವೇರಿ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಟೈಲರಿಂಗ್ ಅಂಗಡಿ ಇದೆ. ಎರಡು ವರ್ಷದಿಂದ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಈಗಲೇ ಸತ್ತೆ ಅನ್ನಿಸುತ್ತದೆ. ಇಸಿಜಿ, ಎಕೋ ಎಲ್ಲಾ ನಾರ್ಮಲ್. ಮೊದಲು ಗ್ಯಾಸ್ಟ್ರಿಕ್ ಅಂದರು. ಆಮೇಲೆ ಮನೋವೈದ್ಯರೊಬ್ಬರು ಐದು ನಿಮಿಷದಲ್ಲಿ ಎಸಿಟಲೊಪ್ರಾಮ್ ಅನ್ನೋ ಮಾತ್ರೆ ಬರೆದುಕೊಟ್ಟರು. ನಾಲ್ಕೇ ದಿನಕ್ಕೆ ಹೊಟ್ಟೆ ತೊಳಸಿ, ತಳಮಳ ಜಾಸ್ತಿಯಾಗಿ ಬಿಟ್ಟೆ. ಇನ್ನೊಬ್ಬ ಡಾಕ್ಟರು ತಳಮಳ ತಗ್ಗಿಸೋ ಆಲ್‌ಪ್ರಜೋಲಾಮ್ ಮಾತ್ರೆ ಕೊಟ್ಟರು, ತಕ್ಷಣ ಆರಾಮ. ಎಂಟು ತಿಂಗಳಿಂದ ಅದೇ ಹಳೇ ಚೀಟಿ ತೋರಿಸಿ ದಿನಾ ತಗೊಳ್ತಿದ್ದೇನೆ. ಒಂದು ದಿನ ತಪ್ಪಿದರೆ ನಿದ್ದೆಯೇ ಇಲ್ಲ. ಬಸ್ಸಿನಲ್ಲಿ ಹಾಗಾದರೆ ಅಂತ ಹುಬ್ಬಳ್ಳಿಗೆ ಬಟ್ಟೆ ತರಲು ಹೋಗುವುದನ್ನೂ ಬಿಟ್ಟಿದ್ದೇನೆ. ಧಾರವಾಡದ ಮಾನಸಿಕ ಆಸ್ಪತ್ರೆಯಲ್ಲಿ ತೋರಿಸೋಣ ಅಂದರೆ ನಮ್ಮ ಯಜಮಾನರು 'ಮಂದಿ ಏನಂದಾರು' ಅಂತಾರೆ.

ಉತ್ತರ: ಇದನ್ನು ಓದಿ 'ಇನ್ನು ಆ ಮಾತ್ರೆ ಮುಟ್ಟಲ್ಲ' ಅಂತ ಮಾತ್ರ ತೀರ್ಮಾನ ಮಾಡಬೇಡಿ. ಎಂಟು ತಿಂಗಳಲ್ಲಿ ನಿಮ್ಮ ಮೈ ಆಲ್‌ಪ್ರಜೋಲಾಮಿಗೆ ಒಗ್ಗಿಹೋಗಿದೆ. ಒಮ್ಮೆಲೇ ನಿಲ್ಲಿಸಿದರೆ ನಿದ್ದೆಗೆಡುವುದಷ್ಟೇ ಅಲ್ಲ, ಫಿಟ್ಸ್ ಕೂಡ ಬರಬಹುದು. ಡಾಕ್ಟರ ಕಣ್ಣೆದುರಲ್ಲೇ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಅದಕ್ಕೆ ವಾರಗಳೂ ಹಿಡಿಯಬಹುದು, ತಿಂಗಳುಗಳೂ ಹಿಡಿಯಬಹುದು. ಅಂದಹಾಗೆ, ಹಳೇ ಚೀಟಿಗೆ ತಿಂಗಳಾನುಗಟ್ಟಲೆ ಮಾತ್ರೆ ಕೊಟ್ಟ ಮೆಡಿಕಲ್ ಶಾಪಿನವರು ನಿಮಗೇನೂ ಉಪಕಾರ ಮಾಡಿಲ್ಲ. ಇದು ಲೆಕ್ಕ ಬರೆದಿಟ್ಟು ಮಾರಬೇಕಾದ ಎಚ್‌1 ಪಟ್ಟಿಯ ಔಷಧಿ.

ಇನ್ನು ಎಸಿಟಲೊಪ್ರಾಮ್. ಅದು ನಿಮಗೆ ಆಗಿಬರಲಿಲ್ಲ ಅಂತ ನೀವು ಅಂದುಕೊಂಡಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಶುರುವಿನ ಒಂದೆರಡು ವಾರ ಹೊಟ್ಟೆ ತೊಳಸುವುದು, ಚಡಪಡಿಕೆ ಹೆಚ್ಚಾಗುವುದು ಬಹಳ ಜನರಿಗೆ ಆಗುತ್ತದೆ. ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಅದಕ್ಕೇ ಎಷ್ಟೋ ಡಾಕ್ಟರು 5 ಎಂಜಿಯಿಂದ ಶುರುಮಾಡಿ ಆಮೇಲೆ ಏರಿಸುತ್ತಾರೆ. ಇಷ್ಟು ಹೇಳಲು ಆ ಮನೋವೈದ್ಯರಿಗೆ ಒಂದು ನಿಮಿಷ ಸಾಕಿತ್ತು, ಅಲ್ವಾ? ಆ ಒಂದು ನಿಮಿಷ ಸಿಗದೆ ನಿಮ್ಮ ಎಂಟು ತಿಂಗಳು ಹೋಯಿತು. ಸಿಟ್ಟು ಬರುವ ವಿಷಯವೇ. ಆದರೆ ಅದೇ ಮಾತ್ರೆ ಮತ್ತೆ ಕೊಡಬೇಕೋ, ಬೇರೆಯದೋ ಅನ್ನುವುದನ್ನು ಹೊಸದಾಗಿ ನೋಡುವವರೇ ಹೇಳಲಿ.

ಎಲ್ಲಿಗೆ ಹೋಗುವುದು? ನಿಮ್ಮ ಕಡೆ 'ಧಾರವಾಡಕ್ಕೆ ಕಳಿಸ್ಬೇಕು ಇವನ್ನ' ಅನ್ನುವ ಕುಹಕ ನನಗೂ ಗೊತ್ತು. ಆದರೆ ಧಾರವಾಡದ ಆ ಮಾನಸಿಕ ಆಸ್ಪತ್ರೆ, ಅಂದರೆ ಡಿಮ್ಹಾನ್ಸ್‌ನ ಹೊರರೋಗಿ ವಿಭಾಗಕ್ಕೆ ಬರುವವರಲ್ಲಿ ನಿಮ್ಮಂತೆ ನಿದ್ದೆ ಇಲ್ಲದವರು, ಎದೆ ಹೊಡೆದುಕೊಳ್ಳುವವರು ಎಷ್ಟೋ ಮಂದಿ. ತೋರಿಸಿ, ಮಾತ್ರೆ ತಗೊಂಡು ಸಂಜೆಗೆ ಮನೆ ಸೇರುತ್ತಾರೆ. ಅಷ್ಟಕ್ಕೂ ಮುಜುಗರ ಅನ್ನಿಸಿದರೆ ಲೈನಿಂಗ್ ಬಟ್ಟೆ ತರಲು ಹೋಗಿದ್ದೆ ಅನ್ನಿ, ಪಾಪವೇನೂ ಬರುವುದಿಲ್ಲ. ಅಲ್ಲಿಗೆ ಬೇಡವೆಂದರೆ ಹಾವೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗ ಕೇಳಿ. ರಾಜ್ಯ ಸರ್ಕಾರದ 'ಮನೋಚೈತನ್ಯ' ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮಲ್ಲಿ ಯಾವ ಮಂಗಳವಾರ ಅಂತ ವಿಚಾರಿಸಿಕೊಂಡೇ ಹೋಗಿ.

ಅಲ್ಲಿಯವರೆಗೆ 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ದುಡ್ಡಿಲ್ಲ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಡಾಕ್ಟರ ಮುಂದೆ ಕೂತಾಗ ಅರ್ಧ ಮಾತು ಮರೆತುಹೋಗುತ್ತದೆ. ಅಳತೆ ಬರೆಯುವ ಪುಸ್ತಕದಲ್ಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವ ಮಾತ್ರೆ, 0.25 ಎಂಜಿಯೋ 0.5 ಎಂಜಿಯೋ, ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಚಹಾ, ಮುಟ್ಟು ಸರಿಯಿದೆಯಾ. ಖಾಲಿ ಸ್ಟ್ರಿಪ್ಪನ್ನೂ ಒಯ್ಯಿರಿ. ಥೈರಾಯ್ಡ್ ಪರೀಕ್ಷೆ ಆಗಿಲ್ಲದಿದ್ದರೆ ಕೇಳಿ ಮಾಡಿಸಿ. ಅದು ಏರಿದರೂ ಎದೆಬಡಿತ, ನಡುಕ ಹೀಗೇ ಇರುತ್ತದೆ. 'ಮೊದಲ ವಾರ ಏನಾಗಬಹುದು? ತಡೆಯಲಾಗದಿದ್ದರೆ ಯಾರಿಗೆ ಫೋನ್ ಮಾಡಲಿ?' ಅಂತ ಕೇಳದೆ ಎದ್ದು ಬರಬೇಡಿ.

ಬಸ್ಸಿನ ಭಯಕ್ಕೆ ಬರೀ ಮಾತ್ರೆ ಸಾಲದು, ಆಪ್ತ ಸಮಾಲೋಚನೆಯೂ ಬೇಕು. ಸಮಾಲೋಚಕರು ನಿಮ್ಮನ್ನು ಮೊದಲ ದಿನವೇ ಹುಬ್ಬಳ್ಳಿಗೆ ಕಳಿಸುವುದಿಲ್ಲ. ಬಸ್ ಹತ್ತಿ ಮುಂದಿನ ಸ್ಟಾಪಿನಲ್ಲಿ ಇಳಿಯಿರಿ ಅನ್ನುತ್ತಾರೆ. ಎದೆ ಹೊಡೆದುಕೊಂಡರೂ ಅದು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ತಾನಾಗೇ ಇಳಿಯುತ್ತದೆ. ಓಡಿಹೋಗದೆ ಕೂತು ಅದನ್ನು ನೋಡುವುದೇ ಅಭ್ಯಾಸ. ಆಮೇಲೆ ಎರಡು ಸ್ಟಾಪ್, ಆಮೇಲೆ ಮುಂದಿನ ಊರು.

ಯಜಮಾನರನ್ನು ಜೊತೆಗೆ ಕರೆದೊಯ್ಯಿರಿ, ಹೊರಗೆ ಬೆಂಚಿನ ಮೇಲೆ ಬಿಡಬೇಡಿ. ಒಳಗೇ ಕೂರಲಿ. ಮಾತ್ರೆ ಇಳಿಸುವ ವಾರಗಳಲ್ಲಿ ನಿಮಗೆ ಕಿರಿಕಿರಿ, ಸಿಟ್ಟು ಜಾಸ್ತಿಯಾಗಬಹುದು ಅನ್ನುವುದನ್ನು ಅವರು ಡಾಕ್ಟರ ಬಾಯಿಂದಲೇ ಕೇಳಿಸಿಕೊಳ್ಳಲಿ.